ವೃತ್ತಿಪರ ಮೇಕಪ್ ಕಲಾವಿದರಿಂದ ಕಲಿತು ಹೊಸ ರೂಪ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ಮದುವೆ, ಕುಬಸ, ಶಾಲೆಯ ಗ್ಯಾದರಿಂಗ್, ಕಾಲೇಜಿನ ಯುವಜನೋತ್ಸವಗಳಿಗೆ ಮೇಕಪ್ ಮಾಡುವ ಕೆಲಸ ನನ್ನದು. ಕುರ್ಚಿಯ ಮೇಲೆ ಕುಳಿತವರು ಕಣ್ಣು ಮುಚ್ಚಿಕೊಂಡೇ ಕೇಳಿದ ಪ್ರಶ್ನೆಗಳು, ಬೆಳಗಾವಿ ಮತ್ತು ವಿಜಯಪುರದ ಕಡೆಯಿಂದ ಬಂದ ಪತ್ರಗಳು, ಕಲಿಯಲು ಬರುವ ಹುಡುಗಿಯರು ಚಹಾದ ಹೊತ್ತಿನಲ್ಲಿ ಎತ್ತಿದ ಅನುಮಾನಗಳು ಇಲ್ಲಿ ಒಟ್ಟಾಗಿವೆ. ಕೇಳಿದವರ ಮಾತನ್ನು ಆದಷ್ಟೂ ಅವರ ಬಾಯಲ್ಲಿ ಬಂದಂತೆಯೇ ಇರಿಸಿದ್ದೇನೆ.

### ಮೊದಲ ಸಲ ಕೈಹಾಕುವವರಿಗೆ

ದೊಡ್ಡ ಕಲಾವಿದರ ಮೇಕಪ್ ನೋಡ್ಕೊಂಡು ಮಾಡಿದ್ರ ಅದು ನಕಲು ಆಗೂದಿಲ್ಲೇನ್ರಿ?

ಕಲಿಯುವ ಹೊತ್ತಿನಲ್ಲಿ ನಕಲು ಮಾಡುವುದರಲ್ಲಿ ತಪ್ಪಿಲ್ಲ. ಸಂಗೀತ ಕಲಿಯುವವರು ಗುರುವಿನ ಆಲಾಪವನ್ನೇ ಹಾಡಿ ಹಾಡಿ ಕಂಠವನ್ನು ಪಳಗಿಸಿಕೊಳ್ಳುವ ಹಾಗೆ ನಮ್ಮ ಕೈಗೂ ಒಂದು ಪಾಠ ಬೇಕು. ಆದರೆ ಯಾವುದನ್ನು ನಕಲು ಮಾಡುತ್ತಿದ್ದೇವೆ ಎಂಬುದನ್ನು ನೋಡಿಕೊಳ್ಳಬೇಕು. ಚಿತ್ರದಲ್ಲಿ ಕಣ್ಣಿನ ಹೊರಮೂಲೆಯಿಂದ ಹುಬ್ಬಿನ ಕಡೆಗೆ ಎಳೆದ ನೀಲಿ ಗೆರೆಯನ್ನು, ಅಂದರೆ ರೆಕ್ಕೆಯನ್ನು, ಅಳತೆ ಹಿಡಿದು ನಮ್ಮ ಕಣ್ಣಿನ ಮೇಲೆ ಇಳಿಸಿದರೆ ಕೈಗೆ ಸಿಗುವುದು ಆ ಒಂದು ರೆಕ್ಕೆ ಮಾತ್ರ. ಕಲಾವಿದರು ನೀಲಿಯನ್ನೇ ಏಕೆ ಆರಿಸಿದರು, ರೆಕ್ಕೆಯನ್ನು ಹುಬ್ಬಿನ ತುದಿಗೆ ಮುಟ್ಟಿಸದೆ ನಡುವೆಯೇ ಏಕೆ ನಿಲ್ಲಿಸಿದರು, ತುಟಿಗೆ ಬಣ್ಣವನ್ನೇ ಹಚ್ಚದೆ ಏಕೆ ಬಿಟ್ಟರು ಎಂದು ಕೇಳಿಕೊಂಡರೆ ಅವರು ತೆಗೆದುಕೊಂಡ ನಿರ್ಧಾರಗಳು ಸಿಗುತ್ತವೆ, ಮತ್ತು ನಿರ್ಧಾರಗಳನ್ನು ಬೇರೆ ಮುಖಕ್ಕೆ, ಬೇರೆ ಬಣ್ಣಕ್ಕೆ, ಬೇರೆ ಸಂದರ್ಭಕ್ಕೆ ಒಯ್ಯಲು ಬರುತ್ತದೆ.

ಯಾರ ಕೆಲಸ ನೋಡಬೇಕು? ಸುಮ್ಮನೆ ಹೆಸರು ಹೇಳಿಬಿಡಿ.

ಮೊದಲ ಹೆಸರು ಪ್ಯಾಟ್ ಮೆಗ್ರಾ ಅವರದು. ಇಂಗ್ಲೆಂಡಿನ ನಾರ್ಥಾಂಪ್ಟನ್‌ನವರಾದ ಇವರು ಮೇಕಪ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಜಮೈಕಾದಿಂದ ವಲಸೆ ಬಂದ ತಾಯಿಯ ಬಳಿ ಬಣ್ಣವನ್ನು ನೋಡಲು ಕಲಿತವರು. ಎಷ್ಟೋ ಕಡೆ ಬ್ರಷ್ ಬಿಟ್ಟು ಬೆರಳಿನಿಂದಲೇ ಬಣ್ಣ ಹಚ್ಚುತ್ತಾರೆ, ಮತ್ತು 2021ರಲ್ಲಿ ಬ್ರಿಟನ್ ಇವರಿಗೆ ‘ಡೇಮ್’ ಗೌರವ ನೀಡಿತು. ನೆರಳು ಬೆಳಕಿನಿಂದ ಮುಖದ ಆಕಾರವನ್ನೇ ಬದಲಿಸುವುದನ್ನು ತಿಳಿಯಬೇಕಾದರೆ ಅಮೆರಿಕದ ಕೆವಿನ್ ಓಕ್ವಾನ್ (1962–2002) ಅವರ ಕೆಲಸವನ್ನು ಹುಡುಕಿ. ಕಣ್ಣಿನ ಸುತ್ತ ಮಿಂಚು ಹರಳುಗಳನ್ನು ಕಣ್ಣೀರಿನಂತೆ ಜೋಡಿಸುವ ರೀತಿಯನ್ನು ಇಂದಿನ ಕಾಲೇಜು ಹುಡುಗಿಯರ ಮನೆಮಾತಾಗಿಸಿದವರಲ್ಲಿ ಡೋನಿಯೆಲ್ಲಾ ಡೇವಿ ಪ್ರಮುಖರು. ‘ಯುಫೋರಿಯಾ’ ಧಾರಾವಾಹಿಯ ಮೇಕಪ್‌ಗೆ ಅವರ ತಂಡವು 2020ರಲ್ಲಿ ಎಮ್ಮಿ ಪ್ರಶಸ್ತಿ ಪಡೆಯಿತು.

ನಮ್ಮ ದೇಶದವರಲ್ಲಿ, ನಟರನ್ನು ಗುರುತು ಸಿಗದಂತೆ ಪಾತ್ರವಾಗಿಸಿದ ಮಹಾರಾಷ್ಟ್ರದ ವಿಕ್ರಮ್ ಗಾಯಕವಾಡ ಅವರನ್ನು ಬಿಡುವಂತಿಲ್ಲ. ಒಂದಕ್ಕಿಂತ ಹೆಚ್ಚು ರಾಷ್ಟ್ರಪ್ರಶಸ್ತಿ ಪಡೆದ ಅವರು 2025ರಲ್ಲಿ ತೀರಿಕೊಂಡರು. ಕನ್ನಡದ ‘ಅಲ್ಲಮ’ ಚಿತ್ರದ ಮೇಕಪ್‌ಗಾಗಿ 64ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪಡೆದ ಎನ್.ಕೆ. ರಾಮಕೃಷ್ಣ ಅವರ ಕೆಲಸವನ್ನು, ಶರಣರ ಕಾಲದ ಮುಖಗಳನ್ನು ಕಟ್ಟಬೇಕಾಗಿ ಬರುವ ನಮ್ಮ ಭಾಗದವರು ಒಮ್ಮೆಯಾದರೂ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಇಷ್ಟರಲ್ಲಿ ಇಬ್ಬರನ್ನು ಆರಿಸಿಕೊಂಡು ಮೂರು ತಿಂಗಳು ಅವರನ್ನಷ್ಟೇ ನೋಡಿ. ಐವತ್ತು ಜನರ ಕೆಲಸವನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಕುಳಿತವರಿಗೆ ಹೆಬ್ಬೆರಳಿನ ನೋವಷ್ಟೇ ಉಳಿಯುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ನನ್ನ ಹತ್ರ ನಾಲ್ಕು ಸಾಮಾನು ಅಷ್ಟೇ ಅದಾವ. ಇದು ಆಗೂ ಮಾತೇನ್ರಿ?

ಆಗುವ ಮಾತೇ. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಎಂಬ ಐದು ಬಣ್ಣಗಳ, ಮುಖಕ್ಕೆಂದೇ ತಯಾರಾದ ಒಂದು ಡಬ್ಬಿ, ಚೂಪು ತುದಿಯ ಒಂದು ಬ್ರಷ್, ಚಪ್ಪಟೆಯದೊಂದು, ಒಳ್ಳೆಯ ಕಾಡಿಗೆ ಕಡ್ಡಿ ಇದ್ದರೆ ಆರು ತಿಂಗಳ ಅಭ್ಯಾಸ ನಡೆಯುತ್ತದೆ. ಬಣ್ಣ ಬೆರೆಸುವುದನ್ನು ಕಲಿಯಲು ಬಣ್ಣಗಳು ಕಡಿಮೆ ಇರುವುದೇ ಒಳ್ಳೆಯದು. ಬೆಳಗಾವಿಯ ಖಡೇ ಬಜಾರಿನಲ್ಲಾಗಲಿ ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯಲ್ಲಾಗಲಿ ಚೀಲ ತುಂಬಿಸಿಕೊಳ್ಳುವ ಮೊದಲು ಈ ಐದನ್ನು ಖಾಲಿ ಮಾಡಿ ನೋಡಿ.

ನಂದು ಎಣ್ಣೆಗಪ್ಪು ಬಣ್ಣ. ಫೋಟೊದಾಗಿನ ಬಣ್ಣ ನನಗ ಒಪ್ಪತಾವೇನ್ರಿ?

ಒಪ್ಪುತ್ತವೆ, ಅದರಲ್ಲೂ ಗಾಢವಾದವು ಬಿಳಿಯ ಚರ್ಮಕ್ಕಿಂತ ಚೆನ್ನಾಗಿ ಒಪ್ಪುತ್ತವೆ. ನವಿಲು ನೀಲಿ, ತಾಮ್ರ, ಕುಂಕುಮಗೆಂಪು, ಸುಟ್ಟ ಇಟ್ಟಿಗೆಯ ಬಣ್ಣ, ಹಳೆಯ ಚಿನ್ನ ಇವೆಲ್ಲ ಎಣ್ಣೆಗಪ್ಪಿನ ಮೇಲೆ ತಾವಾಗಿಯೇ ಬೆಳಗುತ್ತವೆ. ತೊಂದರೆ ಬರುವುದು ಬಣ್ಣದಿಂದಲ್ಲ, ಬಣ್ಣದ ಜೊತೆ ಸೇರಿಸಿದ ಬಿಳಿಯ ಪುಡಿಯಿಂದ. ಅಗ್ಗದ ಐಶಾಡೊಗಳಲ್ಲಿ ಬಣ್ಣದ ಕಣ ಕಡಿಮೆಯಿದ್ದು ಟಾಲ್ಕ್‌ನಂತಹ ಪುಡಿ ಹೆಚ್ಚಿರುತ್ತದೆ. ಬೆಳ್ಳನೆಯ ಚರ್ಮದ ಮೇಲೆ ಅದು ಮರೆಯಾಗುತ್ತದೆ, ಕಪ್ಪು ಚರ್ಮದ ಮೇಲೆ ಬೂದಿ ಬಳಿದ ಹಾಗೆ ಎದ್ದು ಕಾಣುತ್ತದೆ. ಆದ್ದರಿಂದ ತಿಳಿ ಗುಲಾಬಿ, ತಿಳಿ ನೇರಳೆಯಂಥ ಬಣ್ಣಗಳನ್ನು ಚಿತ್ರದಲ್ಲಿ ಕಂಡಾಗ ಅದೇ ಬಣ್ಣದ ಎರಡು ಮೆಟ್ಟಿಲು ಗಾಢವಾದ ರೂಪವನ್ನು ಆರಿಸಿಕೊಳ್ಳಿ, ಮತ್ತು ಪುಡಿಯ ಕೆಳಗೆ ಅದೇ ಬಣ್ಣದ ಕ್ರೀಮನ್ನು ತೆಳ್ಳಗೆ ಹಚ್ಚಿ. ಕಣ್ಣಿನ ಸುತ್ತ ಕಪ್ಪು ಇದ್ದರೆ ಅದರ ಮೇಲೆ ನೇರವಾಗಿ ತಿಳಿ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಹಚ್ಚಬಾರದು, ಅದು ಬೂದಿಯಾಗುತ್ತದೆ. ಕಿತ್ತಳೆ ಬಣ್ಣದ ತೆಳುವಾದ ಒಂದು ಪದರ ಕೆಳಗಿದ್ದರೆ ನೀಲಿಗಪ್ಪು ಅಡಗುತ್ತದೆ.

ಇನ್ನೊಂದು ಮಾತು. ‘ಸ್ವಲ್ಪ ಬೆಳ್ಳಗ ಕಾಣೂ ಹಂಗ ಮಾಡ್ರಿ’ ಎಂದು ಮದುಮಗಳ ಚಿಕ್ಕಮ್ಮಂದಿರು ಹಿಂದಿನಿಂದ ಪಿಸುಗುಟ್ಟುವುದು ನಮ್ಮ ಕಸುಬಿನ ನಿತ್ಯದ ಕಿರಿಕಿರಿ. ಎರಡು ಶೇಡ್ ತಿಳಿಯಾದ ಫೌಂಡೇಶನ್ ಹಚ್ಚಿದರೆ ಮುಖ ಬೆಳ್ಳಗಾಗುವುದಿಲ್ಲ, ಕುತ್ತಿಗೆಯಿಂದ ಬೇರೆಯಾಗುತ್ತದೆ, ಅಷ್ಟೇ. ನಾನು ಹಚ್ಚುವುದಿಲ್ಲ.

### ಚಿತ್ರವನ್ನು ಓದುವುದು

ಒಂದು ಫೋಟೊ ಮುಂದಿಟ್ಟುಕೊಂಡು ಕೂತರೆ ಮೊದಲು ಏನು ನೋಡಬೇಕು?

ಬಣ್ಣವನ್ನು ಕೊನೆಗೆ ನೋಡಿ, ಮೊದಲು ಬೆಳಕನ್ನು ನೋಡಿ. ಕಣ್ಣುಗುಡ್ಡೆಯ ಮೇಲೆ ಬಿದ್ದ ಹೊಳಪಿನ ಚುಕ್ಕೆಯನ್ನು ದೊಡ್ಡದು ಮಾಡಿದರೆ ಅದು ಚೌಕವಾಗಿದೆಯೋ ಉಂಗುರವಾಗಿದೆಯೋ ತಿಳಿಯುತ್ತದೆ. ಚೌಕವಾಗಿದ್ದರೆ ಕಿಟಕಿಯದೋ ಸಾಫ್ಟ್‌ಬಾಕ್ಸ್‌ನದೋ (ಬಿಳಿಯ ಬಟ್ಟೆ ಹೊದಿಸಿದ ಸ್ಟುಡಿಯೊ ದೀಪ) ಬೆಳಕು. ಉಂಗುರವಾಗಿದ್ದರೆ ರಿಂಗ್ ಲೈಟ್. ಮೂಗಿನ ನೆರಳು ಯಾವ ಕಡೆ ಎಷ್ಟು ಉದ್ದ ಚಾಚಿದೆ ಎಂಬುದು ದೀಪದ ಎತ್ತರವನ್ನು ಹೇಳುತ್ತದೆ. ಕೆನ್ನೆಯ ಮೂಳೆಯ ಮೇಲಿನ ಹೊಳಪು ಹೈಲೈಟರ್ ಎಂಬ ಹೊಳಪಿನ ಬಣ್ಣದ್ದೋ ದೀಪದ್ದೋ ಎಂದು ತಿಳಿಯುವುದು ಇದರಿಂದಲೇ. ಬಳಿಕ ಫೋನಿನಲ್ಲೇ ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ. ಬಣ್ಣದ ಗದ್ದಲ ಅಡಗಿದ ಕೂಡಲೇ ಎಲ್ಲಿ ಗಾಢ, ಎಲ್ಲಿ ತಿಳಿ, ಯಾವ ಅಂಚು ಚಾಕುವಿನಿಂದ ಕತ್ತರಿಸಿದಂತಿದೆ, ಯಾವುದು ಹೊಗೆಯಂತೆ ಕರಗಿದೆ ಎಂಬುದು ಹೊರಬರುತ್ತದೆ. ಕಡೆಯದಾಗಿ ಕಲಾವಿದರು ಏನನ್ನು ಮಾಡದೆ ಬಿಟ್ಟಿದ್ದಾರೆ ಎಂದು ಪಟ್ಟಿ ಮಾಡಿ. ನನ್ನ ಮಟ್ಟಿಗೆ ಅತಿ ಹೆಚ್ಚು ಕಲಿಸುವ ಪಟ್ಟಿ ಅದೇ.

ಒಂದು ಉದಾಹರಣೆ ನೋಡೋಣ. ಗಾಯಕ ಡೇವಿಡ್ ಬೋವಿ ಅವರ 1973ರ ಆಲ್ಬಮ್ಮಿನ ಹೊದಿಕೆಗಾಗಿ ಫ್ರೆಂಚ್ ಕಲಾವಿದ ಪಿಯರ್ ಲಾರೋಶ್ ಅವರು ಹಣೆಯಿಂದ ಬಲಗಣ್ಣನ್ನು ದಾಟಿ ಕೆನ್ನೆಗಿಳಿಯುವ ಕೆಂಪು ನೀಲಿ ಮಿಂಚೊಂದನ್ನು ಬರೆದರು. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಮುಖಗಳಲ್ಲಿ ಅದೂ ಒಂದು, ಮತ್ತು ನಕಲು ಮಾಡಿದವರಲ್ಲಿ ಹೆಚ್ಚಿನವರು ಒಂದನ್ನು ಮರೆಯುತ್ತಾರೆ: ಆ ಚಿತ್ರದಲ್ಲಿ ಬೋವಿಯ ಕಣ್ಣು ಮುಚ್ಚಿದೆ. ಮುಚ್ಚಿದ ರೆಪ್ಪೆಯೂ ಹಾಳೆಯ ಭಾಗವಾಗಿರುವುದರಿಂದ ಮಿಂಚು ಎಲ್ಲಿಯೂ ತುಂಡಾಗುವುದಿಲ್ಲ. ಅದೇ ಮಿಂಚನ್ನು ಗ್ಯಾದರಿಂಗಿನ ವೇದಿಕೆಯ ಮೇಲೆ ಕಣ್ಣು ತೆರೆದು ಕುಣಿಯುವ ಹುಡುಗನಿಗೆ ಬರೆದರೆ ನಟ್ಟನಡುವೆ ಬಿಳಿಯ ಕಣ್ಣೊಂದು ಬಂದು ಆಕಾರವನ್ನು ಸೀಳುತ್ತದೆ. ಆಗ ಮಿಂಚನ್ನು ಕಣ್ಣಿನ ಹೊರಮೂಲೆಯಿಂದ ಇಳಿಸುವುದೋ, ರೆಪ್ಪೆಯಂಚಿಗೂ ಕೆಂಪು ತುಂಬುವುದೋ ನಮ್ಮ ನಿರ್ಧಾರವಾಗುತ್ತದೆ.

ಹಾಗೆಯೇ ಮಾಡಿದರೂ ನನ್ನ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಬಹುತೇಕ ಸಲ ತಪ್ಪುವುದು ರೆಪ್ಪೆಯ ಮಡಿಕೆಯಲ್ಲಿ. ಮೇಲಿನ ಚರ್ಮ ಕೆಳಗೆ ಜೋತುಬಿದ್ದು ರೆಪ್ಪೆಯನ್ನು ಮುಚ್ಚುವ ಕಣ್ಣುಗಳು ನಮ್ಮಲ್ಲಿ ಬಹಳ. ಅಂಥವರು ಕಣ್ಣು ಮುಚ್ಚಿಕೊಂಡು ಎಷ್ಟೇ ಸೊಗಸಾಗಿ ಬರೆದರೂ ತೆರೆದ ಕೂಡಲೇ ಅರ್ಧ ಚಿತ್ತಾರ ಒಳಗೆ ಸೇರಿಹೋಗುತ್ತದೆ. ಕನ್ನಡಿಯನ್ನು ಮುಖದ ನೇರಕ್ಕೆ ಹಿಡಿದು, ಕಣ್ಣು ತೆರೆದು, ಹುಬ್ಬನ್ನು ಎತ್ತದೆ ನೋಡುತ್ತ ಮಡಿಕೆ ಎಲ್ಲಿ ಮುಗಿಯುತ್ತದೆಯೋ ಅದರ ಒಂದು ಕೂದಲೆಳೆ ಮೇಲೆ ಕಾಡಿಗೆಯಿಂದ ಚುಕ್ಕೆಗಳನ್ನಿಡಿ. ಚಿತ್ತಾರದ ಗಡಿ ಆ ಚುಕ್ಕೆಗಳೇ ಹೊರತು ಫೋಟೊದಲ್ಲಿರುವ ಗಡಿಯಲ್ಲ. ಇದಲ್ಲದೆ ನೀವು ನೋಡುತ್ತಿರುವ ಚಿತ್ರವನ್ನು ತಿದ್ದಿರುವ ಸಾಧ್ಯತೆಯೂ ಇದೆ. ಚರ್ಮದಲ್ಲಿ ಒಂದು ರಂಧ್ರವೂ ಕಾಣದಿದ್ದರೆ, ಮೂಗಿನ ಪಕ್ಕದ ಗೆರೆಯೂ ಮಾಯವಾಗಿದ್ದರೆ ಅದು ಬ್ರಷ್ಷಿನ ಕೆಲಸವಲ್ಲ, ಕಂಪ್ಯೂಟರಿನ ಕೆಲಸ.

ಪ್ಯಾರಿಸ್ಸಿನ ಆ ಪಿಂಗಾಣಿ ಗೊಂಬೆ ಮುಖ ನನ್ನ ರಿಸೆಪ್ಶನ್ನಿಗೆ ಮಾಡಿಕೊಡ್ತೀರಾ?

ಕೇಳುತ್ತಿರುವುದು 2024ರ ಜನವರಿಯಲ್ಲಿ ಪ್ಯಾರಿಸ್ಸಿನ ಸೇತುವೆಯೊಂದರ ಕೆಳಗೆ ನಡೆದ, ಮೇಸನ್ ಮಾರ್ಜೆಲಾ ಎಂಬ ಫ್ಯಾಶನ್ ಸಂಸ್ಥೆಯ ಉಡುಪು ಪ್ರದರ್ಶನದ ಬಗ್ಗೆ. ವಿನ್ಯಾಸಕ ಜಾನ್ ಗಲಿಯಾನೊ ಅವರ ಆ ಪ್ರದರ್ಶನದಲ್ಲಿ ಮೆಗ್ರಾ ಅವರು ರೂಪದರ್ಶಿಗಳ ಮುಖಗಳನ್ನು ಹಳೆಯ ಪಿಂಗಾಣಿ ಗೊಂಬೆಗಳಂತೆ ಮಿರುಗಿಸಿದರು. ಗುಟ್ಟು ಏನೆಂದು ಜಗತ್ತೆಲ್ಲ ತಲೆಕೆಡಿಸಿಕೊಂಡ ಮೇಲೆ ಅವರೇ ತಿಳಿಸಿದರು: ಒಣಗಿದ ಮೇಲೆ ಸುಲಿದು ತೆಗೆಯುವ ಸಾಧಾರಣ ಫೇಸ್ ಮಾಸ್ಕುಗಳನ್ನು ನೀರಿನೊಂದಿಗೆ ಬೆರೆಸಿ, ಏರ್‌ಬ್ರಷ್‌ನಿಂದ ಪದರ ಪದರವಾಗಿ ಸಿಂಪಡಿಸಿ, ಪ್ರತಿ ಪದರವನ್ನೂ ಒಣಗಿಸಿದ್ದು. ಆ ಹೊಳಪಿನ ಬೆಲೆ ಏನೆಂದರೆ ಮುಖ ಹೆಚ್ಚು ಅಲುಗಾಡುವಂತಿಲ್ಲ. ನಡೆದು ಹೋಗುವ ರೂಪದರ್ಶಿಗೆ ಅದು ಸರಿ. ಮೂರು ತಾಸು ನಿಂತು ನಗುತ್ತ, ಎಲ್ಲರೊಡನೆ ಮಾತಾಡುತ್ತ, ಬಾಯಿಗೆ ಪೇಢಾ ಹಾಕಿಸಿಕೊಳ್ಳುವ ಮದುಮಗಳ ಮುಖದ ಮೇಲೆ ಅದು ಬಾಯಿಯ ಬದಿಯಲ್ಲಿ ಮೊದಲು ಬಿರಿದು ಬಳಿಕ ಸಿಪ್ಪೆಯೇಳುತ್ತದೆ. ನಾನು ಅದರಿಂದ ತೆಗೆದುಕೊಳ್ಳುವುದು ಹೊಳಪಿನ ಹಂಚಿಕೆಯನ್ನು: ಹಣೆಯ ನಡು, ಕೆನ್ನೆಯ ಮೇಲ್ಭಾಗ, ರೆಪ್ಪೆ ಇಷ್ಟು ಕಡೆ ಕ್ರೀಮ್ ಹೈಲೈಟರ್, ಉಳಿದೆಡೆ ಹೊಳಪಿಲ್ಲದ ಚರ್ಮ, ಗೊಂಬೆಯಂತೆ ತೆಳುವಾದ ಹುಬ್ಬು, ನಡುವಿನಲ್ಲಷ್ಟೇ ಗಾಢವಾದ ತುಟಿ. ಇದು ರಾತ್ರಿ ಊಟದವರೆಗೂ ನಿಲ್ಲುತ್ತದೆ.

### ನಮ್ಮ ಸೀಮೆಯ ಬಣ್ಣಗಳು

ನಾಟಕ ಕಂಪನಿ ಮೇಕಪ್ಪಿನಿಂದ ಈಗಿನವರು ಕಲಿಯೋದು ಏನಾದರೂ ಇದೆಯಾ?

ಬೇಕಾದಷ್ಟಿದೆ. ಈ ಸೀಮೆಯವರು ಪ್ಯಾರಿಸ್ಸಿನ ಕಡೆ ನೋಡುವ ಮೊದಲು ಬಾದಾಮಿಯ ಬನಶಂಕರಿ ಜಾತ್ರೆಯ ಟೆಂಟುಗಳ ಹಿಂಬದಿಯನ್ನು ನೋಡಬೇಕೆಂಬುದು ನನ್ನ ಹಟ. ಬನದ ಹುಣ್ಣಿಮೆಯ ರಥೋತ್ಸವದ ಹೊತ್ತಿಗೆ ಅಲ್ಲಿ ಬೀಡುಬಿಡುವ ನಾಟಕ ಕಂಪನಿಗಳಲ್ಲಿ ಒಂದರ ಬಣ್ಣದ ಕೋಣೆಯಲ್ಲಿ, ಹದಿನೇಳರ ವಯಸ್ಸಿನಲ್ಲಿ ನಾನು ಒಂದು ರಾತ್ರಿ ಕಳೆದಿದ್ದೇನೆ. ಅಲ್ಲಿನ ವಯಸ್ಸಾದ ಬಣ್ಣಗಾರರು ಅಂಗೈಯಲ್ಲೇ ಕೊಬ್ಬರಿ ಎಣ್ಣೆಯ ಹನಿಯೊಂದಿಗೆ ಬಣ್ಣ ಕಲಸಿ, ನಾಯಕಿಯ ಪಾತ್ರದವಳ ಕೆಳರೆಪ್ಪೆಯ ಅಂಚಿಗೆ ಕಪ್ಪು ಹಚ್ಚದೆ ಅಲ್ಲೊಂದು ಬಿಳಿಯ ಗೆರೆ ಎಳೆದು, ಅದರ ಕೆಳಗೆ ಒಂದು ಗೋಧಿ ಕಾಳಿನಷ್ಟು ದೂರದಲ್ಲಿ ಕಪ್ಪು ಗೆರೆ ಎಳೆದರು. ಹತ್ತಿರದಿಂದ ಅದು ವಿಕಾರವಾಗಿ ಕಂಡಿತು. ಅವರು ಎದ್ದು ಹತ್ತು ಹೆಜ್ಜೆ ಹಿಂದೆ ಸರಿದು ಕಣ್ಣು ಅರೆಮುಚ್ಚಿ ನೋಡಿದರು. ನನ್ನನ್ನೂ ಕರೆದು ನಿಲ್ಲಿಸಿದರು. ಅಲ್ಲಿಂದ ನೋಡಿದರೆ ಆಕೆಯ ಕಣ್ಣು ಇದ್ದುದಕ್ಕಿಂತ ಒಂದೂವರೆಪಟ್ಟು ಅಗಲವಾಗಿತ್ತು. ಬಿಳಿಯ ಗೆರೆಯನ್ನು ದೂರದ ಕಣ್ಣು ಕಣ್ಣುಗುಡ್ಡೆಯ ಬಿಳಿಯೆಂದೇ ಎಣಿಸುತ್ತದೆ. ಈಗ ಹುಡುಗಿಯರು ‘ಡಾಲ್ ಐ’ ಎಂದು ಕಲಿಯುವುದು ಇದೇ ಉಪಾಯವನ್ನು.

ಬೆಳಕಿನ ಲೆಕ್ಕವೂ ಅಲ್ಲಿದೆ. ಗ್ಯಾಸ್‌ಬತ್ತಿಯ ಮಂದ ಬೆಳಕಿನಲ್ಲಿ ಕೊನೆಯ ಸಾಲಿನವರಿಗೂ ಮುಖಭಾವ ತಲುಪಬೇಕಾಗಿದ್ದುದರಿಂದ ಕೆನ್ನೆಗೆ ಅಷ್ಟು ಕೆಂಪು, ಹುಬ್ಬಿಗೆ ಅಷ್ಟು ಕಪ್ಪು ಬಂದವು, ಒರಟುತನದಿಂದಲ್ಲ. ಸವದತ್ತಿ ತಾಲೂಕಿನ ಏಣಗಿಯಿಂದ ಬಂದ ಏಣಗಿ ಬಾಳಪ್ಪನವರು (1914–2017) ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳಲ್ಲಿ ಮೆರೆದು ಮುಂದೆ ಬಸವಣ್ಣನ ಪಾತ್ರಕ್ಕೆ ಹೆಸರಾದವರು. ಒಂದೇ ಮುಖ ಆ ಎರಡು ತುದಿಗಳನ್ನು ಮುಟ್ಟಬೇಕಾದರೆ ಹುಬ್ಬಿನ ಬಾಗು, ಕೆನ್ನೆಯ ಕೆಂಪಿನ ಜಾಗ, ತುಟಿಯ ಅಂಚು ಎಷ್ಟು ಬದಲಾಗಬೇಕು ಎಂದು ಕಾಗದದ ಮೇಲೆ ಎರಡು ಮುಖ ಬರೆದು ಲೆಕ್ಕ ಹಾಕಿ ನೋಡಿ. ಒಂದು ಮಧ್ಯಾಹ್ನ ಹೇಗೆ ಕಳೆಯಿತೆಂದು ತಿಳಿಯುವುದಿಲ್ಲ.

ಆದರೆ ಹಳಬರ ಉಪಾಯ ತೆಗೆದುಕೊಳ್ಳಿ, ಹಳೆಯ ಸಾಮಗ್ರಿ ಬೇಡ. ಹಳದಿ ಬಣ್ಣ ಕೊಡುವ ಅರದಾಳವೆಂದರೆ ಆರ್ಸೆನಿಕ್ಕಿನ ಸಂಯುಕ್ತ, ಕೆಂಪು ಕೊಡುವ ಇಂಗಳೀಕವೆಂದರೆ ಪಾದರಸದ್ದು, ಎರಡೂ ವಿಷ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಬಣ್ಣದ ಗಟ್ಟಿ ಸಿಕ್ಕರೆ ನೆನಪಿಗೆ ಇಟ್ಟುಕೊಳ್ಳಿ, ಮುಖಕ್ಕೆ ಮುಟ್ಟಿಸಬೇಡಿ.

ಇಳಕಲ್ ಸೀರಿ, ಗುಳೇದಗುಡ್ಡ ಖಣ — ಇವನ್ನ ಮುಖದ ಮ್ಯಾಲ ತರೂದು ಹೆಂಗ್ರಿ?

ಸೀರೆಯನ್ನೆಲ್ಲ ತರಲು ಹೋಗಬೇಡಿ. ಸೆರಗಿನ ಒಂದು ಮೂಲೆಯನ್ನು ತನ್ನಿ. ಇಳಕಲ್ಲಿನ ಟೋಪು ತೆನೆ ಸೆರಗಿನಲ್ಲಿ ಕೆಂಪು ನೆಲದ ಮೇಲೆ ಬಿಳಿಯ ಆಕೃತಿಗಳು ಎದುರುಬದುರಾಗಿ ಹಲ್ಲಿನಂತೆ ಕೂಡಿಕೊಳ್ಳುತ್ತವೆ. ಈ ಕೂಡಿಕೆಯಲ್ಲೇ ಅದರ ಸೊಗಸಿದೆ. ಕಳೆದ ಯುವಜನೋತ್ಸವಕ್ಕೆ ಒಬ್ಬ ನೃತ್ಯಗಾತಿಗೆ ನಾನು ಮಾಡಿದ್ದು ಹೀಗೆ: ಮೇಲುರೆಪ್ಪೆಗೆ ಪೂರ್ತಿಯಾಗಿ ದಾಳಿಂಬೆ ಕೆಂಪನ್ನು ಹೊಳಪಿಲ್ಲದಂತೆ ತುಂಬಿ, ಅದು ಪುಡಿಯಿಂದ ಗಟ್ಟಿಯಾದ ಮೇಲೆ, ಕಣ್ಣಿನ ಹೊರಮೂಲೆಯಿಂದ ಕಿವಿಯ ಕಡೆಗೆ ಎರಡು ಬೆರಳು ಅಗಲದವರೆಗೆ ಬಿಳಿಯ ಐದು ಮೊನೆಗಳನ್ನು ಬರೆದೆ. ಮೊದಲ ಮೊನೆ ಅಕ್ಕಿಯ ಕಾಳಿನಷ್ಟು, ಕೊನೆಯದು ಸೌತೆಬೀಜದಷ್ಟು. ಕೆಳಗೆ ಕಪ್ಪು ಕಾಡಿಗೆಯ ಒಂದೇ ಗೆರೆ, ಸೀರೆಯ ದಡದಂತೆ. ತುಟಿಗೆ ತುಟಿಯದೇ ಬಣ್ಣ. ಆಕೆ ತಲೆ ಹೊರಳಿಸಿದಾಗಲೆಲ್ಲ ಕೆನ್ನೆಯ ಬದಿಯಲ್ಲಿ ಸೆರಗು ಬೀಸಿದ ಹಾಗಾಗುತ್ತಿತ್ತು, ಮತ್ತು ಸಭೆಯಲ್ಲಿದ್ದ ಹೆಂಗಸರು ಯಾರೂ ಹೇಳಿಕೊಡದೆಯೇ ಅದನ್ನು ಗುರುತಿಸಿದರು.

ಖಣದ ವಿಷಯ ಬೇರೆ. ಅದರ ಬುಟ್ಟಾಗಳು ತೀರ ಚಿಕ್ಕವು. ಅವನ್ನು ಮುಖದ ಮೇಲೆ ಬರೆದರೆ ದೂರಕ್ಕೆ ದದ್ದು ಎದ್ದಂತೆ ಕಾಣುತ್ತದೆ, ಇದನ್ನು ನಾನು ಒಮ್ಮೆ ಮಾಡಿ ನೋಡಿದ್ದೇನೆ. ಖಣದಿಂದ ಎತ್ತಿಕೊಳ್ಳಬೇಕಾದದ್ದು ಬಣ್ಣಗಳ ಜೋಡಿ: ನೆಲಕ್ಕೆ ನೇರಳೆಯಿದ್ದರೆ ಅಂಚಿಗೆ ಹಸಿರು, ನೆಲಕ್ಕೆ ಹಸಿರಿದ್ದರೆ ಅಂಚಿಗೆ ಕೆಂಪು ಎಂಬ ಆ ಧೈರ್ಯವನ್ನು ಮೇಲುರೆಪ್ಪೆ ಕೆಳರೆಪ್ಪೆಗಳ ನಡುವೆ ಹಂಚಿ.

ಗೋಳಗುಮ್ಮಟದ ಚಿತ್ರ ಕಣ್ಣಿನ ಮೇಲೆ ಬರೆಯಬಹುದಾ?

ಬರೆಯಬಹುದು, ಆದರೆ ಅದು ಪ್ರವಾಸೋದ್ಯಮದ ಫಲಕದಂತೆ ಕಾಣುತ್ತದೆ. ಗುಮ್ಮಟವು ಗೋಡೆಯಿಂದ ಮೇಲೇಳುವ ಜಾಗದಲ್ಲಿ ಸುತ್ತಲೂ ಕಲ್ಲಿನ ಎಸಳುಗಳ ಸಾಲಿದೆ. ಮೊಗ್ಗಿನೊಳಗಿನಿಂದ ಗುಮ್ಮಟ ಉಬ್ಬಿ ಬಂದಂತೆ ಕಾಣಿಸುವುದು ಆ ಸಾಲಿನಿಂದ. ರೆಪ್ಪೆಯ ಉಬ್ಬು ತಾನೇ ಗುಮ್ಮಟವಾಗಿರುವಾಗ ಅದರ ಬುಡಕ್ಕೆ, ಕೂದಲಂಚಿನ ಉದ್ದಕ್ಕೂ, ಬೂದುಬಣ್ಣದ ಸಣ್ಣ ಎಸಳುಗಳನ್ನಷ್ಟೇ ಬರೆದರೆ ಸಾಕು.

ವಿಜಯಪುರದ ಬಿಸಿಲಿಗೆ ಎಲ್ಲ ಕರಗಿ ಹೋಗತೈತಿ. ಏನ್ ಮಾಡೂದು?

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ದಪ್ಪನೆಯ ಪದರವೇ ಮೊದಲ ಶತ್ರು. ಒಂದು ದಪ್ಪ ಪದರದ ಬದಲು ಮೂರು ತೆಳು ಪದರ, ಪ್ರತಿ ಪದರದ ನಡುವೆ ಟಿಶ್ಯೂ ಕಾಗದ ಒತ್ತಿ ಎಣ್ಣೆ ತೆಗೆಯುವುದು, ಕ್ರೀಮಿನ ಮೇಲೆ ಅದೇ ಬಣ್ಣದ ಪುಡಿಯನ್ನು ಉಜ್ಜದೆ ಒತ್ತುವುದು: ಇಷ್ಟರಿಂದ ಅರ್ಧ ಕೆಲಸ ಮುಗಿಯುತ್ತದೆ. ಬೆವರು ಬಂದಾಗ ಮೊದಲು ಒತ್ತಿ ತೆಗೆದು ಆಮೇಲೆ ಪುಡಿ ಹಾಕಬೇಕು. ಬೆವರಿನ ಮೇಲೆ ಹಾಕಿದ ಪುಡಿ ಕಣಕವಾಗುತ್ತದೆ. ನೀರಿನಿಂದ ಕಲಸುವ ಬಣ್ಣಗಳು ಬೆವರಿಗೆ ಹರಿಯುತ್ತವೆ. ಆಲ್ಕೋಹಾಲಿನಿಂದ ಕಲಸುವವು ಅಲುಗುವುದಿಲ್ಲ, ಆದರೆ ಅವು ಕೈ, ಕುತ್ತಿಗೆ, ಹಣೆಗೆ ಮಾತ್ರ ಸರಿ, ಕಣ್ಣಿನ ಹತ್ತಿರಕ್ಕೆ ಬರಬಾರದು. ಬೆಳಗಾವಿಯ ಮಳೆಗಾಲದಲ್ಲಿ ಬೆವರಿನ ಕಾಟವಿಲ್ಲ, ಒಣಗದಿರುವುದರ ಕಾಟ. ಅಲ್ಲಿ ಪದರಗಳ ನಡುವೆ ಕಾಯುವ ಹೊತ್ತನ್ನು ಎರಡರಷ್ಟು ಇಟ್ಟುಕೊಳ್ಳಿ.

### ಚರ್ಮಕ್ಕೂ ಕಣ್ಣಿಗೂ ಆಗದ್ದು

ಹೋಳಿ ಬಣ್ಣ, ಕುಂಕುಮ, ಸ್ಟೇಶನರಿ ಅಂಗಡಿ ಮಿಂಚು ಪುಡಿ ಹಚ್ಚಿದರೆ ನಡೆಯುತ್ತಾ? ಅಗ್ಗ ಆಗತಾವ.

ನಡೆಯುವುದಿಲ್ಲ. ಬಾಗಲಕೋಟೆಯವಳಾದ ನನಗೆ ಹೋಳಿಯ ಬಣ್ಣದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಂಡಿಗಳ ಮೇಲೆ ಪೀಪಾಯಿಗಟ್ಟಲೆ ಬಣ್ಣ ಹೊತ್ತು ಆಡುವ ಊರಿದು. ಎರಚಿ ಅಂದೇ ತೊಳೆದುಕೊಳ್ಳುವ ಬಣ್ಣವನ್ನು ಕಣ್ಣಿನ ತೆಳು ಚರ್ಮಕ್ಕೆ ಒತ್ತಿ ಆರು ತಾಸು ಇಟ್ಟುಕೊಳ್ಳುವುದು ಬೇರೆಯೇ ಮಾತು. ಅರಿಸಿನ ಮತ್ತು ಸುಣ್ಣದಿಂದ ಮಾಡಿದ ಕುಂಕುಮ ಒಂದು ಬಗೆ. ಮಾರುಕಟ್ಟೆಯ ಬಹಳಷ್ಟು ಕುಂಕುಮ ಕೃತಕ ಬಣ್ಣದ್ದು, ಹಣೆಯ ಮೇಲೆಯೇ ಕೆಲವರಿಗೆ ತುರಿಕೆ ಎಬ್ಬಿಸುತ್ತದೆ.

ಕರಕುಶಲದ ಮಿಂಚು ಪುಡಿಯ ಕಣಗಳು ಚೂಪು ಮೂಲೆಯವು, ಕಣ್ಣಿನೊಳಗೆ ಬಿದ್ದರೆ ಪಾರದರ್ಶಕ ಪಟಲವನ್ನೇ ಗೀರುತ್ತವೆ. ಮುಖಕ್ಕೆಂದು ತಯಾರಿಸಿದ ಮಿಂಚನ್ನೇ ಕೊಳ್ಳಿ, ಅದನ್ನೂ ರೆಪ್ಪೆಯಂಚಿನಿಂದ ದೂರವಿಡಿ. ಹರಳು ಅಂಟಿಸಲು ಕೃತಕ ರೆಪ್ಪೆಗೂದಲಿನ ಅಂಟು ಬಳಸಬೇಕು. ಗೋಂದು, ಬಡಗಿಯ ಅಂಟು, ಕ್ಷಣದಲ್ಲಿ ಹಿಡಿಯುವ ಅಂಟು ಯಾವುದೂ ಬೇಡ. ರೆಪ್ಪೆಯ ಅಂಟಿನಲ್ಲೂ ಲೇಟೆಕ್ಸ್ ಇದ್ದರೆ ಕೆಲವರಿಗೆ ಆಗಿಬರುವುದಿಲ್ಲ. ಕಣ್ಣು ಕುಕ್ಕುವಂತೆ ಉರಿಯುವ ನಿಯಾನ್ ಬಣ್ಣಗಳಲ್ಲಿ ಹಲವು ಕಣ್ಣಿನ ಸುತ್ತ ಬಳಸಲು ಅನುಮತಿ ಪಡೆದವಲ್ಲ, ಡಬ್ಬಿಯ ಹಿಂದೆ ಓದಿ. ಯಾವುದೇ ಹೊಸ ವಸ್ತುವನ್ನು ಮೊಣಕೈಯ ಒಳಮಡಿಕೆಗೆ ಹಚ್ಚಿ 24ರಿಂದ 48 ತಾಸು ಕಾದು ಬಳಿಕವೇ ಮುಖಕ್ಕೆ ತನ್ನಿ. ಬಳಸಿದ ಮಸ್ಕಾರವನ್ನು ಸುಮಾರು ಮೂರು ತಿಂಗಳಿಗೆ ಎಸೆಯಿರಿ, ಗೆಳತಿಯ ಮಸ್ಕಾರವನ್ನು ಎಂದೂ ಮುಟ್ಟಬೇಡಿ.

### ಕೈ ಪಳಗಿದವರಿಗೆ

ಕನ್ನಡಿಯಲ್ಲಿ ಚೆನ್ನಾಗಿರುತ್ತೆ, ಫೋಟೊದಲ್ಲಿ ಮಾತ್ರ ಮುಖ ಹಿಟ್ಟು ಬಡಿದಂಗ ಬರುತ್ತೆ. ಯಾಕೆ?

ಈ ತಪ್ಪನ್ನು ನಾನು ಮುಧೋಳದ ಒಂದು ಮದುವೆಯಲ್ಲಿ ಮಾಡಿದ್ದೇನೆ. ದೊಡ್ಡ ಕಲಾವಿದರೊಬ್ಬರು ಕಣ್ಣಿನ ಕೆಳಗೆ ಪುಡಿಯನ್ನು ದಪ್ಪವಾಗಿ ಇಟ್ಟು ಹತ್ತು ನಿಮಿಷ ಬಿಟ್ಟು ಜಾಡಿಸುವುದನ್ನು ನೋಡಿ, ಬಣ್ಣವೇ ಇಲ್ಲದ ನುಣುಪಾದ ಸಿಲಿಕಾ ಪುಡಿಯನ್ನು ಮದುಮಗಳಿಗೆ ಹಾಗೆಯೇ ಹಚ್ಚಿದೆ. ಹಗಲಿನ ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ವಾರದ ಮೇಲೆ ಆಲ್ಬಮ್ ತೆರೆದಾಗ ಪ್ರತಿಯೊಂದು ಫ್ಲ್ಯಾಶ್ ಚಿತ್ರದಲ್ಲೂ ಅವಳ ಎರಡೂ ಕಣ್ಣುಗಳ ಕೆಳಗೆ ಬಿಳಿಯ ಅರ್ಧಚಂದ್ರಗಳಿದ್ದವು. ನಾನು ಉಪಾಯವನ್ನು ನೋಡಿದ್ದೆ, ಅದು ನಡೆದ ಬೆಳಕನ್ನು ನೋಡಿರಲಿಲ್ಲ: ಆ ಕಲಾವಿದರು ಕೆಲಸ ಮಾಡಿದ್ದು ನಿರಂತರವಾಗಿ ಉರಿಯುವ ದೀಪಗಳ ಮುಂದೆ. ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್, ಝಿಂಕ್ ಆಕ್ಸೈಡ್ ಹೆಚ್ಚಿರುವ ವಸ್ತುಗಳು ಫ್ಲ್ಯಾಶಿನ ನೇರ ಬೆಳಕನ್ನು ಕ್ಯಾಮೆರಾಗೇ ತಿರುಗಿಸಿ ಎಸೆಯುತ್ತವೆ. ಸನ್‌ಸ್ಕ್ರೀನ್ ಇರುವ ಫೌಂಡೇಶನ್ ಕೂಡ ರಾತ್ರಿಯ ಮದುವೆಯಲ್ಲಿ ಇದೇ ಕೆಲಸ ಮಾಡೀತು. ಈಗ ನಾನು ಕೆಲಸ ಮುಗಿದ ಕೂಡಲೇ ಕೋಣೆಯ ದೀಪ ಆರಿಸಿ, ಫೋನಿನ ಫ್ಲ್ಯಾಶ್ ಹಾಕಿ ಎರಡು ಚಿತ್ರ ತೆಗೆಯದೆ ಯಾರನ್ನೂ ಕುರ್ಚಿಯಿಂದ ಏಳಿಸುವುದಿಲ್ಲ.

ಬೇರೆಯವರ ಮೇಕಪ್ ನೋಡಿ ಮಾಡಿದ್ದರ ಫೋಟೊ ಹಾಕುವಾಗ ಅವರ ಹೆಸರು ಹಾಕಲೇಬೇಕಾ? ಕಾನೂನು ಏನನ್ನುತ್ತದೆ?

ಕಾನೂನಿಗಿಂತ ಮೊದಲು ಮರ್ಯಾದೆ ಹೇಳುತ್ತದೆ: ಹಾಕಬೇಕು. ಯಾವ ಅಂಶವನ್ನು ಯಾರಿಂದ ಪಡೆದಿರೆಂದು ಒಂದು ಸಾಲಿನಲ್ಲಿ ಬರೆದರೆ ನಿಮ್ಮ ಕೆಲಸ ಚಿಕ್ಕದಾಗುವುದಿಲ್ಲ. ಕಾನೂನಿನ ಮಾತಿಗೆ ಬಂದರೆ, 1957ರ ಕೃತಿಸ್ವಾಮ್ಯ ಕಾಯ್ದೆಯಡಿ ರಕ್ಷಣೆ ಇರುವುದು ಅಭಿವ್ಯಕ್ತಿಗೆ, ಬರಿಯ ಕಲ್ಪನೆಗೆ ಅಲ್ಲ. ಸುಪ್ರೀಂ ಕೋರ್ಟು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ‘ಕಣ್ಣಿನ ಕೆಳಗೆ ಹರಳು’ ಎಂಬುದು ಯಾರ ಸ್ವತ್ತೂ ಅಲ್ಲ. ಇಂಗ್ಲೆಂಡಿನಲ್ಲಿ ಗಾಯಕ ಆ್ಯಡಮ್ ಆ್ಯಂಟ್ ಅವರ ಮುಖದ ಬಣ್ಣದ ವಿಷಯ ನ್ಯಾಯಾಲಯಕ್ಕೆ ಹೋದಾಗ, ಚಿತ್ರಕ್ಕೊಂದು ಮೇಲ್ಮೈ ಬೇಕು, ಮುಖದ ಮೇಲಿನ ಬಣ್ಣ ಚಿತ್ರಕೃತಿಯಾಗದು ಎಂಬ ತೀರ್ಪು ಬಂತು. ಆ ತರ್ಕವನ್ನು ಒಪ್ಪಲು ನನ್ನಂಥವರಿಗೆ ಕಷ್ಟ. ಆದರೆ ಫೋಟೊದ ಕೃತಿಸ್ವಾಮ್ಯ ಬೇರೆಯೇ. ಇನ್ನೊಬ್ಬರು ತೆಗೆದ ಚಿತ್ರವನ್ನು ನಿಮ್ಮ ಅಂಗಡಿಯ ಫಲಕಕ್ಕೆ ಅಚ್ಚು ಹಾಕಿಸಿದರೆ, ಅಥವಾ ಅವರು ಮಾಡಿದ ಮುಖವನ್ನು ನಿಮ್ಮ ಕೆಲಸವೆಂದು ತೋರಿಸಿ ಮುಂಗಡ ಪಡೆದರೆ, ಪ್ರೇರಣೆ ಎಂಬ ಮಾತು ನಿಮ್ಮನ್ನು ಕಾಪಾಡುವುದಿಲ್ಲ.

ಹೆಣ್ಣುಮಕ್ಕಳನ್ನ ಸಿನಿಮಾ ಮೇಕಪ್ಪಿಗೆ ಸೇರಿಸಿಕೊಳ್ಳಂಗಿಲ್ಲ ಅಂತಾರ. ಖರೇನ್ರಿ?

ಹಿಂದೆ ಹಾಗಿತ್ತು. ಮುಂಬೈ ಚಿತ್ರರಂಗದ ಸಂಘಟನೆಯು ದಶಕಗಳ ಕಾಲ ಹೆಂಗಸರಿಗೆ ಕೇಶವಿನ್ಯಾಸದ ಸದಸ್ಯತ್ವ ಕಾರ್ಡನ್ನಷ್ಟೇ ಕೊಟ್ಟು ಮೇಕಪ್ಪಿನದನ್ನು ನಿರಾಕರಿಸುತ್ತಿತ್ತು. ಚಾರು ಖುರಾನಾ ಮತ್ತು ಇತರ ಕಲಾವಿದೆಯರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು, ಮತ್ತು 2014ರ ನವೆಂಬರ್ 10ರಂದು ಆ ನಿಯಮ ಸಂವಿಧಾನಬಾಹಿರವೆಂದು ತೀರ್ಪು ಬಂತು. ಆದ್ದರಿಂದ ಯಾರಾದರೂ ಇಂದಿಗೂ ಹಾಗೆ ಹೇಳಿ ಬಾಗಿಲು ಮುಚ್ಚಿದರೆ ಈ ದಿನಾಂಕವನ್ನು ಹೇಳಿ.

ಎಲ್ಲರನ್ನೂ ನೋಡಿ ಕಲಿತೆ. ನನ್ನದು ಅನ್ನುವಂಥ ಶೈಲಿ ಯಾವಾಗ ಬರುತ್ತದೆ?

ಹುಡುಕಿಕೊಂಡು ಹೋದವರಿಗೆ ಬೇಗ ಸಿಕ್ಕಿದ್ದನ್ನು ನಾನು ಕಂಡಿಲ್ಲ, ಆದರೆ ನನ್ನಲ್ಲಿ ಕಲಿಯುವವರಿಗೆ ಕೊಡುವ ಒಂದು ಅಭ್ಯಾಸ ಇಲ್ಲಿದೆ. ಒಬ್ಬ ಕಲಾವಿದರ ಒಂದು ಚಿತ್ರವನ್ನು ಆರಿಸಿ. ಮೊದಲ ವಾರ ಅದನ್ನು ಇದ್ದ ಹಾಗೆಯೇ ಮಾಡಿ. ಎರಡನೆಯ ವಾರ ಆಕಾರವನ್ನು ಉಳಿಸಿ ಬಣ್ಣಗಳನ್ನು ಬದಲಿಸಿ, ಮನೆಯ ಯಾವುದಾದರೂ ವಸ್ತುವಿನಿಂದ ಬಣ್ಣ ತನ್ನಿ: ಅಗಸಿ ಹಿಂಡಿ, ಬದನೆಕಾಯಿ, ಅಜ್ಜಿಯ ಕೌದಿ. ಮೂರನೆಯ ವಾರ ಬಣ್ಣಗಳನ್ನು ಉಳಿಸಿ ಆಕಾರವನ್ನು ಕೆಡಿಸಿ. ನಾಲ್ಕನೆಯ ವಾರ ಮೂಲ ಚಿತ್ರವನ್ನು ನೋಡದೆ, ನಿಮ್ಮದಲ್ಲದ ಮುಖದ ಮೇಲೆ, ಅದೂ ಅಮ್ಮನ ವಯಸ್ಸಿನವರ ಮೇಲೆ, ನೆನಪಿನಿಂದ ಮಾಡಿ. ಸುಕ್ಕಿರುವ ರೆಪ್ಪೆ ನೇರ ಗೆರೆಯನ್ನು ಒಪ್ಪುವುದಿಲ್ಲ, ನೀವು ಬೇರೆ ದಾರಿ ಹುಡುಕಲೇಬೇಕಾಗುತ್ತದೆ. ನಾಲ್ಕೂ ವಾರದ ಚಿತ್ರಗಳನ್ನು ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿನಲ್ಲಿ ತೆಗೆದು ನೋಟ್‌ಬುಕ್ಕಿನಲ್ಲಿ ಅಂಟಿಸಿ. ಇಂತಹ ಆರು ತಿಂಗಳ ಹಾಳೆಗಳನ್ನು ತಿರುವಿದಾಗ ಯಾರನ್ನು ನೋಡಿ ಮಾಡಿದರೂ ನಿಮ್ಮ ಕೈ ಮತ್ತೆ ಮತ್ತೆ ಮಾಡಿದ ಒಂದೆರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ನನ್ನ ಪುಸ್ತಕದಲ್ಲಿ ಅದು ಕೆಳರೆಪ್ಪೆಯ ಕೆಳಗಿನ ಬಿಳಿಯ ಗೆರೆಯಾಗಿತ್ತು.